ವರ್ಣತಂತುವಿನ ಬಣ್ಣ

ವಿಜ್ಞಾನದ ಮೇಡಂ ರಜೆ ಹಾಕಿದ ದಿನ ಹತ್ತನೆಯ ತರಗತಿಗೆ ನನ್ನನ್ನು ಕಳಿಸಿದರು. ನಾನು ಇತಿಹಾಸ ಕಲಿಸುವವಳು. "ಸದ್ದು ಮಾಡದೆ ಓದಿಕೊಳ್ಳಿ" ಎಂದು ಕೂತೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ವರ್ಣತಂತು ಅಂತಾರಲ್ಲ, ಅದು ಯಾವ ಬಣ್ಣ?" ಎಂದಳು. ನನಗೆ ಹೊಳೆಯಲಿಲ್ಲ. "ನಾಳೆ ಹೇಳ್ತೀನಮ್ಮ" ಎಂದೆ.

ಆ ನಾಳೆ ಬರಲು ಹದಿನೈದು ದಿನ ಹಿಡಿಯಿತು. ಹುಡುಕುತ್ತ ಹೋದರೆ ಅದು ನನ್ನದೇ ಪಾಠ, ಇತಿಹಾಸ!

ವರ್ಣತಂತುವಿಗೆ ಸ್ವಂತ ಬಣ್ಣವೇ ಇಲ್ಲ. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಮುಂದೆ ಅಂಥ ಕೃತಕ ಬಣ್ಣಗಳು ಬಟ್ಟೆಯಿಂದ ಪ್ರಯೋಗಶಾಲೆಗೂ ಬಂದವು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಜೀವಕೋಶಕ್ಕೆ ಬಣ್ಣ ಹಾಕಿ, ಒಳಗಿನ ದಾರಗಳು ಉದ್ದಕ್ಕೆ ಸೀಳಿ ಎರಡಾಗುವುದನ್ನು ಕಂಡು, 1882ರಲ್ಲಿ ಪುಸ್ತಕ ಬರೆದರು. 1888ರಲ್ಲಿ ವಾಲ್ಡೆಯರ್ ಅದಕ್ಕೆ ಕ್ರೋಮೋಸೋಮ್, ಎಂದರೆ ಬಣ್ಣದ ಕಾಯ, ಎಂದು ಹೆಸರಿಟ್ಟರು. ನಮ್ಮವರು ವರ್ಣತಂತು ಎಂದರು.

ಬಣ್ಣ ಹತ್ತುವುದೇಕೆ? ಆ ದಾರದಲ್ಲಿರುವ ಡಿಎನ್‌ಎಗೆ ಋಣ ವಿದ್ಯುದಂಶ. ಇಂಥ ಅನೇಕ ಬಣ್ಣಗಳಿಗೆ ಧನ ವಿದ್ಯುದಂಶ. ಒಂದನ್ನೊಂದು ಸೆಳೆಯುತ್ತವೆ. ಆದರೆ ಕೆಲವು ಬಣ್ಣಗಳು ಹೊರಗೆ ಅಂಟಿಕೊಂಡು ಸುಮ್ಮನಿರುವುದಿಲ್ಲ. ಡಿಎನ್‌ಎ ಒಂದು ತಿರುಚಿದ ಏಣಿ. ಪ್ರೊಫ್ಲೇವಿನ್‌ನಂಥ ಚಪ್ಪಟೆ ಅಣು ಅದರ ಎರಡು ಮೆಟ್ಟಿಲುಗಳ ನಡುವೆ ನುಗ್ಗಿ ಕೂರುತ್ತದೆ ಎಂದು ಅಮೆರಿಕದ ಲಿಯೊನಾರ್ಡ್ ಲರ್ಮನ್ 1961ರಲ್ಲಿ ತೋರಿಸಿದರು. ಒತ್ತಾಗಿ ಜೋಡಿಸಿಟ್ಟ ಸೀರೆಗಳ ನಡುವೆ ಇನ್ನೊಂದನ್ನು ತುರುಕಿದ ಹಾಗೆ. ಏಣಿ ಉದ್ದವಾಗುತ್ತದೆ, ತಿರುಚು ಸಡಿಲವಾಗುತ್ತದೆ.

ಪ್ರೊಫ್ಲೇವಿನ್ ನನಗೆ ಹೊಸದೇನಲ್ಲ ನೋಡಿ. ಚಿಕ್ಕಂದಿನಲ್ಲಿ ಮಂಡಿ ತರಚಿದಾಗ ಆಸ್ಪತ್ರೆಯಲ್ಲಿ ಹಚ್ಚುತ್ತಿದ್ದ ಹಳದಿ ಔಷಧಿ, ಆಕ್ರಿಫ್ಲೇವಿನ್, ಅದರಲ್ಲಿ ಇದೂ ಒಂದು ಪಾಲು. ಲಂಗಕ್ಕಾದ ಕಲೆ ಹೋಗದೆ ಅಮ್ಮ ಗೊಣಗುತ್ತಿದ್ದರು.

ಈ ಬಣ್ಣ ನಡುವೆ ಕೂತಿದ್ದಾಗ ಡಿಎನ್‌ಎ ನಕಲಾದರೆ ಒಂದಕ್ಷರ ಹೆಚ್ಚೋ ಕಡಿಮೆಯೋ ಆಗಬಹುದು. ಅದನ್ನೇ ಹಿಡಿದು ಕೇಂಬ್ರಿಜ್ಜಿನಲ್ಲಿ ಕ್ರಿಕ್, ಬ್ರೆನರ್, ಲೆಸ್ಲಿ ಬಾರ್ನೆಟ್, ವಾಟ್ಸ್-ಟೋಬಿನ್ 1961ರಲ್ಲಿ ಒಂದು ವೈರಸ್ಸಿನ ಮೇಲೆ ಪ್ರಯೋಗ ಮಾಡಿದರು.

ಮಕ್ಕಳಿಗೆ ತಿಳಿಯಲೆಂದು ನಾನು ಬೋರ್ಡಿನ ಮೇಲೆ ಬರೆದೆ: ಕಮಲ ಸರಳ ಹವಳ ನಗರ. ಮೊದಲ ಅಕ್ಷರದ ಮುಂದೆ ಒಂದು 'ಪ' ಸೇರಿಸಿ, ಮೂರು ಮೂರಾಗಿ ಓದಿಸಿದೆ: ಕಪಮ ಲಸರ ಳಹವ ಳನಗ. ತರಗತಿ ಗೊಳ್ಳೆಂದಿತು. ಎರಡು 'ಪ' ಸೇರಿಸಿದರೂ ಅದೇ ಗತಿ. ಮೂರು ಸೇರಿಸಿದಾಗ ಮೊದಲೆರಡು ಪದ ಕೆಟ್ಟರೂ ಸರಳ, ಹವಳ, ನಗರ ಮತ್ತೆ ಸರಿಯಾದವು.

ಅಲ್ಲಿಯೂ ಹಾಗೆಯೇ ಆಯಿತು. ಒಂದು ತಪ್ಪು ಸೇರಿದಾಗ ಕೆಟ್ಟ ಜೀನು, ಎರಡು ಸೇರಿದಾಗಲೂ ಕೆಟ್ಟೇ ಇತ್ತು. ಮೂರು ಸೇರಿದಾಗ ಮತ್ತೆ ಕೆಲಸಕ್ಕೆ ಬಂತು. ಜೀವದ ಬರಹ ಮೂರಕ್ಷರದ್ದು! ಆ ರಾತ್ರಿ ತಟ್ಟೆಗಳನ್ನು ನೋಡಲು ಹೋದವರು ಕ್ರಿಕ್ ಮತ್ತು ಬಾರ್ನೆಟ್. ಜಗತ್ತಿನಲ್ಲಿ ಇದನ್ನು ಬಲ್ಲವರು ನಾವಿಬ್ಬರೇ ಎಂದು ಕ್ರಿಕ್ ಆಕೆಗೆ ಹೇಳಿದರಂತೆ. ಕ್ರಿಕ್ ಹೆಸರು ನಾನು ಎಷ್ಟೋ ಸಲ ಕೇಳಿದ್ದೆ. ಬಾರ್ನೆಟ್ ಹೆಸರು ಈ ವಯಸ್ಸಿನಲ್ಲಿ, ಒಂದು ಹುಡುಗಿಯ ಪ್ರಶ್ನೆಯಿಂದ ತಿಳಿಯಿತು.

ಗಂಟೆ ಹೊಡೆದ ಮೇಲೂ ಅವಳು ಪೆನ್ನು ಹಿಡಿದು ನಿಂತಿದ್ದಳು. "ಮಿಸ್, ಆ ಹೆಂಗಸಿನ ಹೆಸರು ಇನ್ನೊಂದು ಸಲ ಹೇಳಿ."

ನಿಧಾನವಾಗಿ, ಅಕ್ಷರ ಬಿಡಿಸಿ ಹೇಳಿದೆ.