ಸೆರೆಹಿಡಿದ ನಾದ, ಇಟ್ಟ ಹೆಸರು

ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡೊಂದರ ಮುಂದೆ ಕುಳಿತು, ಅದರ ನೆತ್ತಿಯ ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಮೂಡುವ ಅಕ್ಷರಗಳನ್ನು ಓದಿದವರಿಗೆ ಒಂದು ಬಗೆಯ ದಿಗ್ಭ್ರಮೆಯಾಗದೆ ಇರದು. ಜಪಾನಿನ ಕೋರ್ಗ್ ಕಂಪನಿ 1988ರಲ್ಲಿ ಹೊರತಂದ ಎಂ1 ಎಂಬ ವಾದ್ಯವನ್ನೇ ತೆಗೆದುಕೊಳ್ಳೋಣ. ಅದರ ನಾದಗಳ ಪಟ್ಟಿಯಲ್ಲಿ ‘ಸಿತಾರ್ 1’, ‘ಸಿತಾರ್ 2’ ಎಂದಿರುವಲ್ಲಿ ತೊಡಕೇನೂ ಇಲ್ಲ. ಆದರೆ ಅದೇ ಪಟ್ಟಿಯಲ್ಲಿ ‘ಪೋಲ್’ ಎಂದಿದೆ, ‘ಲೋರ್’ ಎಂದಿದೆ, ‘ಲೋರ್ ಎನ್‌ಟಿ’ ಎಂದಿದೆ. ಇನ್ನೊಂದು ಪಟ್ಟಿಗೆ ಹೋದರೆ ‘ಪಿಯಾನೋ 16 ಅಡಿ’ ಎಂಬುದೊಂದು ಎದುರಾಗುತ್ತದೆ. ಹದಿನಾರು ಅಡಿ ಉದ್ದದ ಪಿಯಾನೋ ಎಲ್ಲಿಯಾದರೂ ಉಂಟೇ? ಇಷ್ಟು ಸಾಲದೆಂಬಂತೆ, ಒಂದು ಕಂಪನಿ ‘ಪ್ಯಾಚ್’ ಎಂದುದನ್ನು ಇನ್ನೊಂದು ‘ಪ್ರೋಗ್ರಾಂ’ ಎನ್ನುತ್ತದೆ. ಮಗದೊಂದು ‘ವಾಯ್ಸ್’ ಎನ್ನುತ್ತದೆ.

ಇದೆಲ್ಲ ವ್ಯಾಪಾರಿಗಳ ಪದಚಮತ್ಕಾರವೆಂದು ತಳ್ಳಿಹಾಕುವುದು ಸುಲಭ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಈ ಪದಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಅವುಗಳ ಹಿಂದೆ ಬೇರೊಂದು ಕಥೆ ಕಾಣುತ್ತದೆ. ಅದು ಬಡತನದ ಕಥೆ. ಹಣದ ಬಡತನವಲ್ಲ, ಸ್ಮೃತಿಯ ಬಡತನ. ಯಂತ್ರಕ್ಕೆ ನೆನಪಿಟ್ಟುಕೊಳ್ಳಲು ಜಾಗವಿರಲಿಲ್ಲ. ಇದ್ದ ಅಂಗೈಯಗಲ ಜಾಗದಲ್ಲಿ ಒಂದು ವಾದ್ಯವೃಂದವನ್ನೇ ಅಡಕಬೇಕಾಗಿತ್ತು. ಆಗ ಎಂಜಿನಿಯರುಗಳು ಹೂಡಿದ ಉಪಾಯಗಳೇ ಮುಂದೆ ಪರಿಭಾಷೆಯಾದುವು.

ಮೊದಲು ‘ಸ್ಯಾಂಪಲ್’ ಎಂಬ ಮಾತನ್ನೇ ನೋಡಬೇಕು. ಮಾದರಿ ಎಂದು ಅದರ ಅರ್ಥ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡುತ್ತೇವಲ್ಲ, ಆ ಅಗುಳೇ ಸ್ಯಾಂಪಲ್. ಶಬ್ದವೆಂದರೆ ಗಾಳಿಯ ಕಂಪನ. ಆ ಕಂಪನದ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕೆಗಳಾಗಿ ಬರೆದಿಡಬಹುದು. ಎಂಜಿನಿಯರನ ಮಾತಿನಲ್ಲಿ ಹಾಗೆ ಅಳೆದ ಒಂದೊಂದು ಅಂಕೆಯೂ ಒಂದು ಸ್ಯಾಂಪಲ್. ಸಂಗೀತಗಾರನ ಮಾತಿನಲ್ಲಾದರೋ ಅಂಥ ಸಾವಿರಾರು ಅಂಕೆಗಳು ಸೇರಿ ಆದ ಇಡೀ ಧ್ವನಿಯ ತುಣುಕು, ಒಂದು ಪಿಟೀಲಿನ ಸ್ವರ ಅಥವಾ ಒಂದು ಮದ್ದಳೆಯ ಪೆಟ್ಟು, ಒಂದು ಸ್ಯಾಂಪಲ್. ಒಬ್ಬನಿಗೆ ಅಗುಳು, ಇನ್ನೊಬ್ಬನಿಗೆ ತುತ್ತು. ಹಳೆಯ ಕೈಪಿಡಿಗಳನ್ನು ಓದುವಾಗ ಆಗುವ ಗೊಂದಲದಲ್ಲಿ ಅರ್ಧ ಈ ಎರಡು ಅರ್ಥಗಳ ಬೆರಕೆಯಿಂದ ಹುಟ್ಟಿದ್ದು.

ಅಂಕೆಗಳ ಕಾಲಕ್ಕೆ ಮುಂಚೆಯೇ ಈ ಆಸೆ ಇತ್ತು. ಅಮೆರಿಕದ ಹ್ಯಾರಿ ಚೇಂಬರ್ಲಿನ್ ಎಂಬಾತ, ಕೀ ಒತ್ತಿದರೆ ಧ್ವನಿಮುದ್ರಿತ ಟೇಪು ಓಡುವಂಥ ವಾದ್ಯವನ್ನು ಕಟ್ಟಿದ್ದ. ಅದರ ಮಾದರಿಯ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1963ರಲ್ಲಿ ಮೆಲೋಟ್ರಾನ್ ಸಿದ್ಧವಾಯಿತು. ಒಂದೊಂದು ಕೀಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಒತ್ತಿದಾಗ ಟೇಪು ಮುಂದಕ್ಕೆ ಓಡುತ್ತದೆ. ಬಿಟ್ಟಾಗ ಹಿಂದಕ್ಕೆ ಜಗ್ಗಿ ಮೊದಲ ಜಾಗಕ್ಕೆ ಬಂದು ನಿಲ್ಲುತ್ತದೆ. ಟೇಪಿನ ಉದ್ದ ಸುಮಾರು ಎಂಟು ಸೆಕೆಂಡಿನಷ್ಟು. ಎಂಟು ಸೆಕೆಂಡು ಕಳೆದರೆ, ಬೆರಳು ಕೀಯ ಮೇಲೇ ಇದ್ದರೂ, ನಾದ ಹಠಾತ್ತನೆ ನಿಂತುಹೋಗುತ್ತಿತ್ತು. ಟೇಪನ್ನು ಬಳೆಯಂತೆ ಸುತ್ತುಹಾಕಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಸ್ವರದ ಆರಂಭ, ಕೊಳಲಿಗೆ ಉಸಿರು ತಾಕುವ ಆ ಮೊದಲ ಕ್ಷಣ, ಪ್ರತಿ ಸಲವೂ ಸರಿಯಾಗಿ ಕೈಗೆ ಸಿಗುವುದಿಲ್ಲ. ಆ ಒಂದು ಕ್ಷಣಕ್ಕಾಗಿ ಉಳಿದುದನ್ನೆಲ್ಲ ಎಂಟು ಸೆಕೆಂಡಿಗೆ ಕತ್ತರಿಸಿದರು. 1967ರಲ್ಲಿ ಬೀಟಲ್ಸ್ ತಂಡದವರು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡಿನ ಆರಂಭದಲ್ಲಿ ಬಳಸಿದ ಕೊಳಲು ಈ ಮೆಲೋಟ್ರಾನಿನದೇ.

ವಾದ್ಯಗಾರರಿಗೆ ಆಗಲೇ ಆತಂಕ ಹುಟ್ಟಿತು. ಇಂಗ್ಲೆಂಡಿನ ಸಂಗೀತಗಾರರ ಸಂಘ ಮೆಲೋಟ್ರಾನನ್ನು ಅನ್ನಕ್ಕೆ ಸಂಚಕಾರವೆಂದೇ ಕಂಡಿತು. 1982ರಲ್ಲಿ ಅದರ ಲಂಡನ್ ಶಾಖೆ ಸಿಂಥಸೈಜರುಗಳನ್ನೇ ನಿಷೇಧಿಸಬೇಕೆಂಬ ನಿರ್ಣಯವನ್ನು ಮಾಡಿದ್ದೂ ಉಂಟು. ಅದನ್ನು ನಗೆಚಾಟಿಕೆಗೆ ಗುರಿಮಾಡಿದವರು ಬಹಳ ಜನ. ಒಮ್ಮೆ ನುಡಿಸಿ ಒಂದು ಸಲದ ಸಂಭಾವನೆ ಪಡೆದ ಪಿಟೀಲುಗಾರನ ನಾದ ಅವನಿಲ್ಲದೆಯೇ ಸಾವಿರ ಕಡೆ ದುಡಿಯುತ್ತಿರುವಾಗ, ಅವನ ಅಳಲನ್ನು ನಗೆಯಿಂದ ತೀರಿಸಲಾಗದು ಎಂದು ನನ್ನ ಭಾವನೆ.

ಈಗ ಆಸ್ಟ್ರೇಲಿಯಾದ ಸಿಡ್ನಿಗೆ ಬರೋಣ. ಅಲ್ಲಿ ಕಿಮ್ ರೈರಿ, ಪೀಟರ್ ವೋಗೆಲ್ ಎಂಬ ಇಬ್ಬರು ತರುಣರು ಸೇರಿ, ಟೋನಿ ಫರ್ಸ್ ಎಂಬವರ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು, 1979ರಲ್ಲಿ ಫೇರ್‌ಲೈಟ್ ಎಂಬ ಗಣಕವಾದ್ಯವನ್ನು ಹೊರತಂದರು. ಸಿಡ್ನಿಯ ಬಂದರಿನಲ್ಲಿ ಓಡಾಡುತ್ತಿದ್ದ ಒಂದು ದೋಣಿಯ ಹೆಸರು ಅದು. ಧ್ವನಿಮುದ್ರಣ ಮಾಡುವುದು ಅವರ ಉದ್ದೇಶವೇ ಆಗಿರಲಿಲ್ಲ. ಗಣಿತದ ಲೆಕ್ಕಾಚಾರದಿಂದಲೇ ನಿಜವಾದ ವಾದ್ಯದಂತಹ ನಾದವನ್ನು ಸೃಷ್ಟಿಸಬೇಕೆಂದು ಹೊರಟಿದ್ದರು. ಅಂದಿನ ಗಣಕಕ್ಕೆ ಅಷ್ಟು ಶಕ್ತಿ ಇರಲಿಲ್ಲ; ಹುಟ್ಟಿದ ನಾದ ನಿರ್ಜೀವವಾಗಿತ್ತು. ಒಂದು ದಿನ ವೋಗೆಲ್ ರೇಡಿಯೋದಲ್ಲಿ ಬರುತ್ತಿದ್ದ ಪಿಯಾನೋದ ಒಂದು ಸೆಕೆಂಡಿನಷ್ಟು ನಾದವನ್ನು ಯಂತ್ರಕ್ಕೆ ಹಿಡಿದು, ಅದನ್ನೇ ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸಿ ನೋಡಿದರು. ಅದು ಪಿಯಾನೋದಂತೆಯೇ ಕೇಳಿಸಿತು! ಬಾನುಲಿಯಲ್ಲಿ ಹೇಳುವುದಕ್ಕೆ ಒಪ್ಪುವ ಸಂಗತಿ ಇದು. ಒಂದು ಯುಗದ ನಾದಕ್ಕೆ ಬೀಜ ಬಿದ್ದದ್ದು ರೇಡಿಯೋದಿಂದ. ಕುತೂಹಲದ ಮಾತೆಂದರೆ, ಅವರಿಬ್ಬರಿಗೂ ಇದರ ಬಗ್ಗೆ ಹೆಮ್ಮೆಯಿರಲಿಲ್ಲ. ನಿಜವಾದ ಧ್ವನಿಯನ್ನು ಹಿಡಿದು ನುಡಿಸುವುದು ಒಂದು ಬಗೆಯ ಮೋಸವೆಂದೇ ಅವರು ಭಾವಿಸಿದ್ದರು.

ಆ ಮೊದಲ ಫೇರ್‌ಲೈಟ್ ಏಕಕಾಲಕ್ಕೆ ಎಂಟು ಸ್ವರಗಳನ್ನು ನುಡಿಸಬಲ್ಲದಾಗಿತ್ತು. ಪ್ರತಿಯೊಂದಕ್ಕೂ ಇದ್ದ ಸ್ಮೃತಿ 16 ಕಿಲೋಬೈಟ್. ಸೆಕೆಂಡಿಗೆ ಹದಿನಾರು ಸಾವಿರ ಬಾರಿ ಅಳೆದರೆ ಅದು ಸರಿಯಾಗಿ ಒಂದು ಸೆಕೆಂಡಿಗೆ ಸಾಲುತ್ತದೆ. ಹೆಚ್ಚು ಹೊತ್ತು ಬೇಕೆಂದರೆ ಕಡಿಮೆ ಬಾರಿ ಅಳೆಯಬೇಕು. ಆದರೆ ಯಾವ ಕಂಪನವನ್ನಾದರೂ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಲೇಬೇಕೆಂಬುದು ನಿಯಮ. ಕಡಿಮೆ ಅಳೆದಷ್ಟೂ ನಾದದ ಮೇಲ್ಪದರದ ಹೊಳಪು ಅಳಿಸಿಹೋಗುತ್ತದೆ. ಹಳೆಯ ಯಂತ್ರಗಳ ನಾದದಲ್ಲಿ ಇಂದಿನವರು ಮೆಚ್ಚುವ ಮಬ್ಬು, ಒರಟುತನ, ಎಲ್ಲವೂ ಈ ಒಂದು ಸೆಕೆಂಡಿನ ಚೌಕಾಶಿಯ ಫಲ.

ಒಂದೇ ಸೆಕೆಂಡಿನ ನಾದವನ್ನು ಹತ್ತು ಸೆಕೆಂಡು ಹಿಡಿದು ನುಡಿಸುವುದು ಹೇಗೆ? ಇಲ್ಲಿ ಬಂದದ್ದು ‘ಲೂಪ್’, ಅಂದರೆ ಕುಣಿಕೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿಯುವ ಆರಂಭವನ್ನು ಒಮ್ಮೆ ನುಡಿಸಿ, ಆಮೇಲಿನ ಸ್ಥಿರವಾದ ಭಾಗದಲ್ಲಿ ಒಂದು ತುಣುಕನ್ನು ಆರಿಸಿ, ಕೈ ತೆಗೆಯುವವರೆಗೆ ಅದನ್ನೇ ಸುತ್ತಿಸುವುದು. ತುಣುಕಿನ ತಲೆ ಬಾಲಗಳು ಹೊಂದದಿದ್ದರೆ ಪ್ರತಿ ಸುತ್ತಿಗೂ ‘ಟಿಕ್’ ಎಂಬ ಸದ್ದು. ತುಣುಕು ತೀರ ಚಿಕ್ಕದಾದರೆ ನಾದ ಹಲಗೆಯಂತೆ ಚಪ್ಪಟೆ. ಸ್ವಲ್ಪ ದೊಡ್ಡದಾದರೆ ವಾದಕನ ಕಂಪಿತ ತೊಟ್ಟಿಲಿನಂತೆ ಒಂದೇ ಸಮನೆ ತೂಗತೊಡಗುತ್ತದೆ. ಇನ್ನೊಂದು ತೊಡಕು ಶ್ರುತಿಯದು. ಒಂದು ಸ್ಥಾಯಿ ಮೇಲೆ ನುಡಿಸಬೇಕೆಂದರೆ ಅದೇ ಧ್ವನಿಯನ್ನು ಎರಡರಷ್ಟು ವೇಗದಲ್ಲಿ ಓಡಿಸಬೇಕು. ಆಗ ಕಂಪಿತದ ವೇಗವೂ ಎರಡರಷ್ಟಾಗುತ್ತದೆ. ಗಂಡಸಿನ ಕಂಠ ಬೊಂಬೆಯ ಕಂಠವಾಗುತ್ತದೆ. ಇದಕ್ಕೆ ಪರಿಹಾರ ಕೆಲವು ಕೀಗಳಿಗೊಂದರಂತೆ ಬೇರೆ ಬೇರೆ ಸ್ವರಗಳನ್ನು ಹಿಡಿದಿಡುವುದು. ಅದೇ ‘ಮಲ್ಟಿಸ್ಯಾಂಪಲ್’. ಕೋರ್ಗ್‌ನವರು ಅದನ್ನು ‘ಮಲ್ಟಿಸೌಂಡ್’ ಎಂದರು. ‘ಎನ್‌ಟಿ’ ಎಂಬ ಬಾಲವಿದ್ದರೆ ಆ ನಾದ ಯಾವ ಕೀ ಒತ್ತಿದರೂ ಶ್ರುತಿ ಬದಲಿಸದು ಎಂದರ್ಥ. ಇನ್ನು ಆ ‘16 ಅಡಿ’ ಕೊಳವೆಯ ಆರ್ಗನ್ನಿನಿಂದ ಬಂದ ಎರವಲು. ಎಂಟು ಅಡಿಯ ಕೊಳವೆಗಳ ಸಾಲು ಬರೆದ ಶ್ರುತಿಯಲ್ಲೇ ನುಡಿದರೆ, ಹದಿನಾರು ಅಡಿಯದು ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಕೊಳವೆ ಹೋಯಿತು, ಅಡಿಗಳ ಲೆಕ್ಕ ಉಳಿಯಿತು.

ಫೇರ್‌ಲೈಟ್ ಕೊಳ್ಳಬಲ್ಲವರು ಪೀಟರ್ ಗೇಬ್ರಿಯಲ್, ಕೇಟ್ ಬುಷ್ ಅವರಂಥ ಕೆಲವರು ಮಾತ್ರ. ಅದರೊಡನೆ ಬಂದ ತಟ್ಟೆಗಳಲ್ಲಿ ‘ಆರ್ಕ್5’ ಎಂಬ ಹೆಸರಿನ ಒಂದು ತುಣುಕಿತ್ತು. ಅದು ಸ್ಟ್ರಾವಿನ್ಸ್ಕಿಯ ‘ಫೈರ್‌ಬರ್ಡ್’ ಎಂಬ 1910ರ ನೃತ್ಯಸಂಗೀತದಲ್ಲಿ ಇಡೀ ವಾದ್ಯವೃಂದ ಒಮ್ಮೆಗೇ ಬಡಿಯುವ ಒಂದು ಪೆಟ್ಟು. 1982ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಅವರ ‘ಪ್ಲಾನೆಟ್ ರಾಕ್’ ಎಂಬ ಹಾಡಿನಲ್ಲಿ ಆ ಪೆಟ್ಟು ಕೇಳಿಸಿತು. ಆಮೇಲೆ ಎಲ್ಲೆಲ್ಲೂ ಅದೇ. ಕೊನೆಗೆ ಅದರ ವಂಶಜಕ್ಕೆ ‘ಆರ್ಕೆಸ್ಟ್ರಾ ಹಿಟ್’ ಎಂಬ ಹೆಸರು ನಿಂತಿತು. ಸಂಯೋಜಕನ ಹೆಸರಾಗಲಿ, ನುಡಿಸಿದ ವೃಂದದ ಹೆಸರಾಗಲಿ ಅದರಲ್ಲಿಲ್ಲ.

ಅಗ್ಗದ ಯಂತ್ರಗಳು ಬಂದದ್ದು ಇನ್ನೊಂದು ದಾರಿಯಿಂದ. ಅಂದು ದುಬಾರಿಯಾಗಿದ್ದ ಅಳಿಸಿ ಬರೆಯುವ ಸ್ಮೃತಿಯ ಬದಲು, ಕಾರ್ಖಾನೆಯಲ್ಲೇ ಶಾಶ್ವತವಾಗಿ ಕೆತ್ತಿದ ಸ್ಮೃತಿ. ನುಡಿಸುವವನು ತಾನಾಗಿ ಏನನ್ನೂ ಹಿಡಿಯುವಂತಿಲ್ಲ. ಕಾರ್ಖಾನೆ ಕೊಟ್ಟ ನಾದ, ಕಾರ್ಖಾನೆ ಇಟ್ಟ ಹೆಸರು. ರೋಲ್ಯಾಂಡ್ ಕಂಪನಿ 1987ರಲ್ಲಿ ತಂದ ಡಿ-50 ಇವುಗಳಲ್ಲಿ ಜಾಣತನದ್ದು. ವಾದ್ಯವನ್ನು ಕಿವಿ ಗುರುತಿಸುವುದು ಮುಖ್ಯವಾಗಿ ಅದರ ಆರಂಭದಿಂದ. ಫ್ರಾನ್ಸಿನ ಪಿಯೆರ್ ಶೆಫೆರ್ 1948ರಲ್ಲೇ ಗಂಟೆಯ ನಾದದಿಂದ ಮೊದಲ ಪೆಟ್ಟನ್ನು ಕತ್ತರಿಸಿ ತೆಗೆದು, ಉಳಿದದ್ದು ಗಂಟೆಯಂತೆ ಕೇಳಿಸದೆಂಬುದನ್ನು ಕಂಡಿದ್ದರು. ರೋಲ್ಯಾಂಡಿನವರು ಅದನ್ನೇ ತಿರುಗುಮುರುಗು ಮಾಡಿದರು: ಆರಂಭದ ಚೂರನ್ನು ಮಾತ್ರ ನಿಜವಾದ ವಾದ್ಯದಿಂದ ಹಿಡಿದರು, ಹಿಂದೆ ಎಳೆಯುವ ನಾದವನ್ನು ವಿದ್ಯುನ್ಮಂಡಲದಿಂದ ಹುಟ್ಟಿಸಿದರು. ಅಂಥ ಚೂರುಗಳು, ಕುಣಿಕೆಗಳು ಎಲ್ಲ ಸೇರಿ ಅದರೊಳಗೆ ಇದ್ದದ್ದು ನೂರು. ಕಿವಿ ಮೋಸಹೋಯಿತು, ಸಂತೋಷದಿಂದಲೇ ಮೋಸಹೋಯಿತು.

ಡಿ-50ರಲ್ಲಿ ಅತಿ ಚಿಕ್ಕ ಘಟಕ ‘ಪಾರ್ಷಿಯಲ್’. ಎರಡು ಪಾರ್ಷಿಯಲ್ ಸೇರಿದರೆ ‘ಟೋನ್’. ಎರಡು ಟೋನ್ ಸೇರಿದರೆ ‘ಪ್ಯಾಚ್’. ಪ್ಯಾಚ್ ಎಂಬುದು 1960ರ ದಶಕದ ಸಿಂಥಸೈಜರುಗಳಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ತಂತಿ ಸಿಕ್ಕಿಸುತ್ತಿದ್ದ ಕಾಲದ ಮಾತು. ತಂತಿಗಳು ಮಾಯವಾದ ಮೇಲೂ ಉಳಿದುಕೊಂಡಿತು. ವಿಚಿತ್ರವೆಂದರೆ ಅದೇ ಕಂಪನಿಯ ಮುಂದಿನ ಜೆವಿ ಶ್ರೇಣಿಯ ಯಂತ್ರಗಳಲ್ಲಿ ಟೋನ್ ಎಂಬುದೇ ಅತಿ ಚಿಕ್ಕ ಘಟಕವಾಗಿ, ನಾಲ್ಕು ಟೋನ್ ಸೇರಿ ಒಂದು ಪ್ಯಾಚ್ ಆಯಿತು. ಯಮಾಹಾದವರ ‘ವಾಯ್ಸ್’ ಎಂದರೆ ಸಿದ್ಧವಾದ ನಾದ. ಬೇರೆಯವರ ‘16 ವಾಯ್ಸ್’ ಎಂದರೆ ಒಮ್ಮೆಗೇ ನುಡಿಯಬಲ್ಲ ಸ್ವರಗಳ ಎಣಿಕೆ. ಎಂ1ರಲ್ಲಿ ಮಲ್ಟಿಸೌಂಡಿನಿಂದ ‘ಪ್ರೋಗ್ರಾಂ’, ಎಂಟರವರೆಗೆ ಪ್ರೋಗ್ರಾಂ ಸೇರಿ ‘ಕಾಂಬಿನೇಷನ್’. ಅದರ ಸಮಸ್ತ ನಾದಗಳೂ ಅಡಗಿದ್ದುದು 4 ಮೆಗಾಬೈಟಿನಲ್ಲಿ. ಇಂದಿನ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಬೇಕಾಗುವಷ್ಟು ಜಾಗ.

ಹೀಗೆ ಒಬ್ಬೊಬ್ಬರದು ಒಂದೊಂದು ಭಾಷೆಯಾದಾಗ, ಒಬ್ಬನ ಯಂತ್ರದಲ್ಲಿ ಕೊಳಲಾಗಿದ್ದದ್ದು ಇನ್ನೊಬ್ಬನಲ್ಲಿ ತುತ್ತೂರಿಯಾಗುತ್ತಿತ್ತು. 1991ರಲ್ಲಿ ತಯಾರಕರು ಒಪ್ಪಿ ‘ಜನರಲ್ ಮಿಡಿ’ ಎಂಬ ಪಟ್ಟಿ ಮಾಡಿದರು. ಒಟ್ಟು 128 ನಾದಗಳು, ಎಲ್ಲ ಯಂತ್ರಗಳಲ್ಲೂ ಅದೇ ಅಂಕೆಗೆ ಅದೇ ನಾದ. ‘ಆರ್ಕೆಸ್ಟ್ರಾ ಹಿಟ್’ 56ನೆಯದು. ಡಿ-50ರ ‘ಸೌಂಡ್‌ಟ್ರ್ಯಾಕ್’ ಎಂಬ ನಾದದ ಹೆಸರು 98ರಲ್ಲಿ ನೆಲೆಗೊಂಡಿತು. 105ರಿಂದ 112ರವರೆಗಿನ ಗುಂಪಿಗೆ ‘ಎಥ್ನಿಕ್’ ಎಂದು ಹೆಸರು. ಮನೆಯ ಹಿಂಬಾಗಿಲಿನಲ್ಲಿ ಕೂರಿಸಿದಂತೆ. ಅಲ್ಲಿ 105 ಸಿತಾರ್, 112 ‘ಶಾನಾಯ್’, ಅಂದರೆ ನಮ್ಮ ಶಹನಾಯಿ. ವೀಣೆ ಇಲ್ಲ, ನಾಗಸ್ವರ ಇಲ್ಲ. ತಾಳವಾದ್ಯಗಳ ಬೇರೆ ಪಟ್ಟಿಯಲ್ಲಿ ಬೋಂಗೊ, ಕಾಂಗಾಗಳಿದ್ದರೂ ತಬಲಾ ಇಲ್ಲ, ಮೃದಂಗ ಇಲ್ಲ.

ಇರುವ ಶಹನಾಯಿಯ ಗತಿಯಾದರೂ ಏನು? ನಮ್ಮ ಸಂಗೀತದಲ್ಲಿ ಸ್ವರವೆಂಬುದು ನಿಂತ ಕಂಬವಲ್ಲ. ಒಂದರಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲೇ ರಾಗವಿದೆ. ಆ ಜಾರಿನಲ್ಲಿ ಶ್ರುತಿಯ ಜೊತೆಗೆ ಉಸಿರು, ತುಟಿಯ ಬಿಗಿ, ನಾದದ ಬಣ್ಣ ಎಲ್ಲವೂ ಬದಲಾಗುತ್ತವೆ. ಯಂತ್ರದಲ್ಲಿರುವುದು ನಿಂತ ಒಂದು ಸ್ವರದ ಚೂರು. ಎಡಗೈಯ ಪಕ್ಕದ ಚಕ್ರವನ್ನು ತಿರುಗಿಸಿ ಶ್ರುತಿಯನ್ನು ಬಗ್ಗಿಸಬಹುದು. ಸಾಮಾನ್ಯವಾಗಿ ಮೇಲಕ್ಕೊಂದು ಸ್ವರ, ಕೆಳಕ್ಕೊಂದು ಸ್ವರದಷ್ಟು. ನಮ್ಮ ಆರ್ಕೆಸ್ಟ್ರಾಗಳ ಕೀಬೋರ್ಡು ವಾದಕರಲ್ಲಿ ಆ ಚಕ್ರದಿಂದಲೇ ಗಮಕದ ಹತ್ತಿರ ಹತ್ತಿರ ಹೋದವರಿದ್ದಾರೆ. ಅದು ಯಂತ್ರದ ಸಾಧನೆಯಲ್ಲ, ಬೆರಳಿನ ಸಾಧನೆ.

ಅನುಕೂಲವಿದ್ದವರು ಒಮ್ಮೆ ಈ ಪರೀಕ್ಷೆ ಮಾಡಿ ನೋಡಬಹುದು. ಹಳೆಯ ಯಂತ್ರವೊಂದರಲ್ಲಿ 112ನೆಯ ಅಂಕೆಯನ್ನು ಆರಿಸಿ, ಒಂದು ಕೀಯನ್ನು ಒತ್ತಿ, ಬೆರಳು ತೆಗೆಯದೆ ಕಿವಿಗೊಡಿ. ಮೊದಲ ಅರೆಕ್ಷಣ ಯಾರೋ ಒಬ್ಬರು ಒಲಗದ ಪಾಲಿಗೆ ಉಸಿರೂದಿದ್ದು ಕೇಳಿಸುತ್ತದೆ. ಅದರ ಹಿಂದೆಯೇ ಕುಣಿಕೆ ಶುರುವಾಗುತ್ತದೆ. ಆಮೇಲೆ ನೀವು ಕೈ ತೆಗೆಯುವ ತನಕ ಅದೇ ಚೂರು, ಅದೇ ತೂಗು.