ಮುಳ್ಳಿನ ಮೊನೆಯಲ್ಲಿ ಹಳೆಯ ಹಾಡು

ಕೊಟ್ಟೂರಿನ ನಮ್ಮ ಮನೆಯ ಅಟ್ಟದಲ್ಲಿ ತಾತನ ಕಾಲದ ಗ್ರಾಮಫೋನ್ ಪ್ಲೇಟುಗಳು ಕೆಲವು ಉಳಿದಿವೆ. ಮೊನ್ನೆ ವಿದ್ಯುತ್ ಯಂತ್ರದ ಮೇಲೆ ಒಂದು ರಂಗಗೀತೆಯನ್ನಿಟ್ಟೆನು. ಹಾಡಿಗಿಂತ ಕರಕರ ಸದ್ದೇ ಹೆಚ್ಚು. ಪ್ಲೇಟು ಸವೆದಿದೆಯೆಂದು ಎತ್ತಿಡಲು ಹೊರಟವನು ಮುಳ್ಳನ್ನು ನೋಡಿ ತಡೆದೆನು.

ತಾತನದು ಕೀಲಿ ಕೊಡುವ ಯಂತ್ರ. ವಿದ್ಯುತ್ತಿಲ್ಲದ ಊರಿನಲ್ಲಿಯೂ ಹಾಡುವಂಥದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಇಂಥ ಅರಗಿನ ಪ್ಲೇಟಿಗಾಗಿಯೇ. ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಆಗ ಉಕ್ಕಿನ ಮುಳ್ಳು, ಭಾರವಾದ ಸೌಂಡ್‌ಬಾಕ್ಸು. 1948ರಲ್ಲಿ ಎಲ್.ಪಿ. ಬಂದಿತು, ಗೆರೆ ಕಿರಿದಾಯಿತು, ಮುಳ್ಳಿನ ಮೊನೆ ಹಳೆಯದರ ಸುಮಾರು ಮೂರರಲ್ಲೊಂದು ಪಾಲಾಯಿತು. ಆ ಸಣ್ಣ ಮೊನೆ ಹಳೆಯ ಅಗಲದ ಗೆರೆಗೆ ಇಳಿದರೆ ಗೋಡೆಗಳಿಗೆ ಸರಿಯಾಗಿ ತಾಕದೆ ತಳದ ಧೂಳನ್ನೇ ಓದುತ್ತದೆ. ನನ್ನ ಯಂತ್ರದಲ್ಲಿದ್ದುದೂ ಅದೇ.

78ರ ಪ್ಲೇಟಿಗೆ ತಕ್ಕ ಮುಳ್ಳಿನ ಕಾರ್ಟ್ರಿಜ್ಜನ್ನು ತರಿಸಿ, ಎರಡು ತಿರುಪುಗಳಿಂದ ತೋಳಿನ ತುದಿಗೆ ಕೂರಿಸಿದೆನು. ಹಿಂದಕ್ಕೆ ಮುಂದಕ್ಕೆ ಜರುಗಿಸಿ, ಗೆರೆಯ ದಾರಿಗೆ ನೇರಮಾಡಿ ಬಿಗಿದೆನು. ಈ ಓರೆಯ ಲೆಕ್ಕವನ್ನು ಪರ್ಸಿ ವಿಲ್ಸನ್ 1924ರಲ್ಲಿಯೇ ಬರೆದಿಟ್ಟಿದ್ದನು.

ಹಾಡು ಎದ್ದಿತು. ಅಡಿಗೆಮನೆಯಲ್ಲಿದ್ದ ಅವ್ವ ಎರಡನೆಯ ಸಾಲನ್ನು ಪ್ಲೇಟಿಗಿಂತ ಮೊದಲೇ ಹಾಡಿದಳು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಅಟ್ಟಗಳಲ್ಲಿಯೂ ಇಂಥ ಪ್ಲೇಟುಗಳಿದ್ದಾವು. ಗುಜರಿಗೆ ಹಾಕುವ ಮುನ್ನ ವಾಚಕರು ಮುಳ್ಳನ್ನೊಮ್ಮೆ ನೋಡಲಿ.