ಮುಂಬೈಯ ಬ್ಯಾಂಜೊ ಬ್ಯಾಂಜೊ ಅಲ್ಲ: ಒಬ್ಬ ಬೇಸ್ ಗಿಟಾರ್ ವಾದಕ ಹೇಳುವ ಎರಡು ವಾದ್ಯಗಳ ಕಥೆ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿಂದ ನೋಡ್ತಿದ್ದರೂ ಸರಿ, ನಮ್ಮ ಭಾಷೆಯಲ್ಲಿ ಒಂದರ್ಧ ಗಂಟೆ ಜೊತೆಗೆ ಕೂತು ಮಾತಾಡೋಣ. ವಿಡಿಯೊ ನೋಡಲು ಸಮಯ ಇಲ್ಲದವರಿಗಾಗಿ ಎಂದಿನಂತೆ ಮಾತನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.

ತುಂಬಾ ಜನ ಒಂದು ಪ್ರಶ್ನೆ ಕೇಳ್ತಾ ಬಂದಿದೀರಿ. "ನಿಮ್ಮ ಹಿಂದೆ ಗೋಡೆ ಮೇಲೆ ಕಾಣೋ ಆ ಟೈಪ್‌ರೈಟರ್ ಥರದ ಪೆಟ್ಟಿಗೆ ಏನು ಸಾರ್?" ಅಂತ. ಇವತ್ತು ಗಮನಿಸಿ, ಅದು ಗೋಡೆ ಮೇಲಿಲ್ಲ. ಕೆಳಗಿಳಿಸಿ ಈ ಮೇಜಿನ ಮೇಲೆ ಇಟ್ಟಿದ್ದೇನೆ. ನಾಳೆ ಇದು ಈ ಮನೆಯಿಂದ ಹೋಗ್ತದೆ. ಹೋಗುವ ಮೊದಲು ಇದರ ಚರಿತ್ರೆ ಹೇಳಿಬಿಡಬೇಕು ಅನ್ನಿಸಿತು. ಆದರೆ ಅದಕ್ಕೆ ಮುಂಚೆ ನನ್ನ ವಾದ್ಯದ ಕಥೆ ಹೇಳಬೇಕು. ಇಲ್ಲದಿದ್ದರೆ ಈ ಪೆಟ್ಟಿಗೆ ನನಗೆ ಯಾಕೆ ಇಷ್ಟು ಮುಖ್ಯ ಅನ್ನೋದು ತಿಳಿಯಲ್ಲ.

ನಾನು ಬೇಸ್ ಗಿಟಾರ್ ನುಡಿಸುವವನು. ಅಪ್ಪ ಕಾರ್ಕಳದ ಕಡೆಯಿಂದ ಮುಂಬೈಗೆ ಬಂದು ಹೋಟೆಲಿನಲ್ಲಿ ದುಡಿದವರು. ಕಾಲೇಜಿನ ದಿನಗಳಲ್ಲಿ ಒಂದು ಆರ್ಕೆಸ್ಟ್ರಾ ಸೇರಲು ಹೋದೆ. ಗಿಟಾರಿಗೆ ಅಲ್ಲಿ ಆಗಲೇ ಇಬ್ಬರಿದ್ದರು. "ಬೇಸ್ ನುಡಿಸ್ತೀಯಾ? ನಾಲ್ಕೇ ತಂತಿ" ಅಂದರು. ಹೂಂ ಅಂದೆ. ಬೇಸ್ ವಾದಕರಲ್ಲಿ ಅರ್ಧಕ್ಕರ್ಧ ಜನರ ಕಥೆ ಹೀಗೇ ಶುರುವಾಗೋದು, ಆಸೆಪಟ್ಟು ಬಂದವರು ಕಡಿಮೆ. ಗಣೇಶೋತ್ಸವದ ಪೆಂಡಾಲು, ಮದುವೆ ರಿಸೆಪ್ಷನ್ನು, ಕನ್ನಡ ಸಂಘದ ರಾಜ್ಯೋತ್ಸವ, ಎಲ್ಲ ಕಡೆ ನುಡಿಸಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಜನ ಗಾಯಕಿಯ ಹತ್ತಿರ ಹೋಗ್ತಾರೆ, ಡ್ರಮ್ಮರ್ ಬೆನ್ನು ತಟ್ತಾರೆ. ನನ್ನ ಹತ್ತಿರ ಬಂದವರು ಕೇಳೋದು, "ನೀವು ಯಾವ ಗಿಟಾರು ನುಡಿಸಿದ್ದು, ಕೇಳಿಸಲೇ ಇಲ್ಲವಲ್ಲ?" ಬೇಸ್ ಕೇಳಿಸುವುದು ಅದು ನಿಂತಾಗ ಮಾತ್ರ. ಹಾಡಿನ ನಡುವೆ ಒಮ್ಮೆ ಕೈ ತೆಗೆದು ನೋಡಿ, ಇಡೀ ಹಾಡು ಪಾಯ ತೆಗೆದ ಮನೆಯ ಹಾಗೆ ಆಗಿಬಿಡ್ತದೆ.

ಈ ವಾದ್ಯದ ವಯಸ್ಸು ಹೆಚ್ಚಿಲ್ಲ. ಅದಕ್ಕೂ ಮೊದಲು ಬ್ಯಾಂಡುಗಳಲ್ಲಿ ಇದ್ದದ್ದು ಡಬಲ್ ಬೇಸ್, ಆಳೆತ್ತರದ ಪಿಟೀಲು ಅನ್ನಿ. ಅದನ್ನು ಊರಿಂದೂರಿಗೆ ಸಾಗಿಸುವುದೇ ಒಂದು ಪ್ರಾರಬ್ಧ. ಮೇಲಾಗಿ ಡ್ರಮ್ಮು, ತುತ್ತೂರಿ, ಎಲೆಕ್ಟ್ರಿಕ್ ಗಿಟಾರುಗಳ ಗದ್ದಲದಲ್ಲಿ ಅದರ ದನಿ ಮುಳುಗಿ ಹೋಗ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್‌ಮಾರ್ಕ್ ಅನ್ನುವವರು ಗಿಟಾರಿನಂತೆ ಅಡ್ಡ ಹಿಡಿಯುವ ಎಲೆಕ್ಟ್ರಿಕ್ ಬೇಸ್ ಮಾಡಿದರು. ಅದು ಹೆಚ್ಚು ದೂರ ಹೋಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ತಂದದ್ದು ಜಗತ್ತಿಗೆಲ್ಲ ಹಬ್ಬಿತು. ಫೆಂಡರ್ ಮೂಲತಃ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರ್ತಿರಲಿಲ್ಲ!

ಅವರು ತಮ್ಮ ಬೇಸಿಗೆ 'ಪ್ರಿಸಿಷನ್' ಎಂದು ಹೆಸರಿಟ್ಟರು. ಯಾಕೆ ಗೊತ್ತಾ? ಡಬಲ್ ಬೇಸಿನ ಕೊರಳು ನುಣ್ಣಗೆ ಇರ್ತದೆ, ಬೆರಳು ಕೂದಲೆಳೆ ಜಾರಿದರೂ ಸ್ವರ ತಪ್ತದೆ. ಫೆಂಡರ್ ಅಲ್ಲಿ ಫ್ರೆಟ್ ಕೂರಿಸಿದರು, ಅಂದರೆ ನಮ್ಮ ವೀಣೆಯ ಮೆಟ್ಟಿನಂಥ ಲೋಹದ ಪಟ್ಟಿಗಳು. ಬೆರಳಿಟ್ಟರೆ ಸ್ವರ ಕರಾರುವಾಕ್ಕು. ಗಿಟಾರ್ ಗೊತ್ತಿದ್ದವರೆಲ್ಲ ಬೇಸ್ ನುಡಿಸಬಹುದು ಅಂತಾಯಿತು. ಅದೇ ಅದಕ್ಕೆ ಬಂದ ಬೈಗುಳವೂ ಆಯಿತು. ಡಬಲ್ ಬೇಸಿನ ಹಿರಿಯರಿಗೆ ಅದು ಸುಲಭದವರ ವಾದ್ಯ, ಸೋಮಾರಿಗಳ ವಾದ್ಯ.

ಈ ಬೈಗುಳಕ್ಕೆ ಉತ್ತರ ಕೊಟ್ಟದ್ದು ಫೆಂಡರ್ ಅಲ್ಲ. ಉತ್ತರ ಬಂದದ್ದು ನುಡಿಸಿದವರಿಂದ. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬರಿದ್ದರು. ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟ್ತಿದ್ದರು. 1960ರ ದಶಕದ ಎಷ್ಟೋ ಜನಪ್ರಿಯ ಅಮೆರಿಕನ್ ಹಾಡುಗಳು ಅವರ ಆ ಬೆರಳಿನ ಮೇಲೆ ನಿಂತಿವೆ. ಆದರೆ 1971ರವರೆಗೆ ಆ ಕಂಪನಿಯ ರೆಕಾರ್ಡುಗಳ ಮೇಲೆ ವಾದಕರ ಹೆಸರೇ ಇರ್ತಿರಲಿಲ್ಲ. ನಮ್ಮ ಮುಂಬೈಯ ಹಿಂದಿ ಸಿನಿಮಾ ಸಂಗೀತದ ಕಥೆಯೂ ಬೇರೆಯಲ್ಲ. ಆರ್.ಡಿ. ಬರ್ಮನ್ ಅವರ ತಂಡದಲ್ಲಿ ಬೇಸ್ ಗಿಟಾರ್ ನುಡಿಸಿದವರು ಟೋನಿ ವಾಝ್. ಆ ಹಾಡುಗಳನ್ನು ನಾವು ಬಾಯಿಪಾಠ ಹಾಡ್ತೇವೆ, ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಸರಿ, ಈಗ ಈ ಪೆಟ್ಟಿಗೆಗೆ ಬರೋಣ.

ಮುಂಬೈಯಲ್ಲಿ ಇದನ್ನು ಬ್ಯಾಂಜೊ ಅಂತಾರೆ. ನಿಜವಾದ ಬ್ಯಾಂಜೊ ಇದಲ್ಲವೇ ಅಲ್ಲ. ಅದು ಆಫ್ರಿಕಾದಿಂದ ಗುಲಾಮರಾಗಿ ಎಳೆದೊಯ್ದ ಜನ ಕೆರಿಬಿಯನ್ ಮತ್ತು ಅಮೆರಿಕದಲ್ಲಿ ತಮ್ಮ ನೆನಪಿನಿಂದ ಕಟ್ಟಿಕೊಂಡ ವಾದ್ಯ. ಮೊದಮೊದಲು ಸೋರೆಬುರುಡೆಗೆ ಚರ್ಮ ಬಿಗಿದು ಮಾಡ್ತಿದ್ದರು. ನಮ್ಮ ಈ ಪೆಟ್ಟಿಗೆಯ ಒಳ್ಳೆಯ ಹೆಸರು ಬುಲ್‌ಬುಲ್ ತರಂಗ. ಇದರ ತವರು ಜಪಾನ್.

ಅಲ್ಲಿನ ನಗೋಯಾ ನಗರದಲ್ಲಿ ಮೊರಿತಾ ಗೊರೊ ಎಂಬ ಸಂಗೀತಗಾರ ಇದ್ದರು. ಎರಡು ತಂತಿಯ ನಿಗೆನ್‌ಕಿನ್ ಎಂಬ ಸಂಪ್ರದಾಯದ ವಾದ್ಯ ಅವರಿಗೆ ಗೊತ್ತಿತ್ತು. ಆ ತಂತಿವಾದ್ಯಕ್ಕೆ ಅವರು ಟೈಪ್‌ರೈಟರಿನ ಗುಂಡಿಗಳನ್ನು ಜೋಡಿಸಿದರು. ಎಡಗೈಯಲ್ಲಿ ಗುಂಡಿ ಒತ್ತಿದರೆ ಅದು ತಂತಿಯನ್ನು ಕೆಳಗಿನ ಮೆಟ್ಟಿಗೆ ಅದುಮ್ತದೆ, ಬಲಗೈಯಲ್ಲಿ ಮೀಟಬೇಕು. ಗುಂಡಿಗಳ ಮೇಲೆ ಅಂಕಿ ಬರೆದಿರ್ತಿತ್ತು. ಅಂಕಿ ನೋಡಿ ಒತ್ತಿದರೆ ಹಾಡು ಬಂತು. ಗುರುಕುಲ ಬೇಡ, ವರ್ಷಗಟ್ಟಲೆ ಸಾಧನೆ ಬೇಡ. ಅದು 1912, ಜಪಾನಿನಲ್ಲಿ ತೈಶೋ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷ. ಹಾಗಾಗಿ ವಾದ್ಯಕ್ಕೆ ತೈಶೋಗೊತೊ ಎಂಬ ಹೆಸರಾಯಿತು.

ನಂತರದ ದಶಕಗಳಲ್ಲಿ ಇದು ಸಮುದ್ರ ದಾಟಿತು. ಹೋದ ಕಡೆಯೆಲ್ಲ ಜನ ಇದನ್ನು ತಮ್ಮದು ಮಾಡಿಕೊಂಡರು. ಬಲೂಚಿಸ್ತಾನದಲ್ಲಿ ಇದು ದೊಡ್ಡದಾಗಿ ಬೆಳೆದು 'ಬೆಂಜು' ಆಯಿತು. ಇವತ್ತು ಬಲೂಚಿ ಜನಪದ ಸಂಗೀತ ಅಂದರೆ ಬೆಂಜು ಬೇಕೇ ಬೇಕು. ಪೂರ್ವ ಆಫ್ರಿಕಾದ ಕರಾವಳಿಯ ತಾರಬ್ ಸಂಗೀತಕ್ಕೂ ಇದು ಹೋಗಿದೆ. ನಮ್ಮಲ್ಲಿ ಕವ್ವಾಲಿ, ಭಜನೆಗಳ ಜೊತೆ ಕೂತಿತು. ಸ್ವರದ ತಂತಿಗಳ ಪಕ್ಕಕ್ಕೆ ಶ್ರುತಿಯ ತಂತಿಗಳೂ ಸೇರಿದವು. ತಂಬೂರಿ ಇಲ್ಲದೆ ನಮಗೆ ನಡೆಯೋದಿಲ್ಲ ಅಲ್ವಾ! ಮುಂಬೈಯ ಹುಡುಗರು ಇದಕ್ಕೆ ಪಿಕಪ್ ಕೂರಿಸಿ, ಆಂಪ್ಲಿಫೈಯರಿಗೆ ಜೋಡಿಸಿ, ಟೆಂಪೋ ಮೇಲೆ ಏರಿಸಿದರು. ಢೋಲು, ತಾಶಾಗಳ ಜೊತೆ ಅದೇ 'ಬ್ಯಾಂಜೊ ಪಾರ್ಟಿ'. ಲಾಲ್‌ಬಾಗ್, ಪರೇಲ್ ಕಡೆ ಗಣಪತಿಯ ದಿನಗಳಲ್ಲಿ ನಡೆದಾಡಿದವರಿಗೆ ಆ ಚುರುಕು ದನಿ ಹೇಳಿ ತಿಳಿಸಬೇಕಾಗಿಲ್ಲ. 2016ರಲ್ಲಿ ರವಿ ಜಾಧವ್ ನಿರ್ದೇಶನದಲ್ಲಿ ರಿತೇಶ್ ದೇಶ್‌ಮುಖ್ ನಟಿಸಿದ 'ಬ್ಯಾಂಜೊ' ಎಂಬ ಹಿಂದಿ ಸಿನಿಮಾ ಕೂಡ ಬಂತು.

ಇದಕ್ಕೂ ಅದೇ ಬೈಗುಳ. "ಗುಂಡಿ ಒತ್ತೋದು ಸಂಗೀತವಾ? ಗಮಕ ಎಲ್ಲಿ, ಮೀಂಡ್ ಎಲ್ಲಿ?" ಆಕ್ಷೇಪ ಸುಳ್ಳಲ್ಲ. ನಮ್ಮ ಸಂಗೀತದ ಜೀವ ಇರೋದು ಸ್ವರಗಳ ನಡುವಿನ ಹಾದಿಯಲ್ಲಿ, ಗುಂಡಿಗಳ ವಾದ್ಯ ಮೆಟ್ಟಿಲಿಂದ ಮೆಟ್ಟಿಲಿಗೆ ಹಾರ್ತದೆ. ಇದೇ ಕಾರಣ ಮುಂದಿಟ್ಟು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಆ ನಿಷೇಧ ಸುಮಾರು ಮೂರು ದಶಕ ನಡೆಯಿತು. ಹಾಗಂತ ಹಾರ್ಮೋನಿಯಂ ಸತ್ತಿತಾ? ಭಜನೆಯ ಮನೆಯಲ್ಲಿತ್ತು, ನಾಟಕ ಕಂಪನಿಗಳಲ್ಲಿತ್ತು. ರೇಡಿಯೊ ಬಾಗಿಲು ಮುಚ್ಚಿದ್ದರೂ ನುಡಿಸುವವರು ನುಡಿಸ್ತಾನೇ ಇದ್ದರು.

ಇನ್ನೊಂದು ಉದಾಹರಣೆ ನಮ್ಮ ಊರಿನದೇ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸಫೋನ್, ಮಿಲಿಟರಿ ಬ್ಯಾಂಡಿನ ವಾದ್ಯ. ಬಂಟ್ವಾಳ ತಾಲ್ಲೂಕಿನ ಸಜಿಪ ಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್, ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮರುಳಾದರು. ಅದೂ ಕೀಲಿಗಳ ವಾದ್ಯವೇ. ವರ್ಷಗಟ್ಟಲೆ ಹೆಣಗಿ, ವಾದ್ಯವನ್ನು ಮಾರ್ಪಡಿಸಿ, ತುಟಿ ಮತ್ತು ಉಸಿರಿನಿಂದ ಅದರಲ್ಲಿ ಗಮಕ ಬರಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದರು. ಈಗ ನಮ್ಮ ತುಳುನಾಡಿನ ಮದುವೆ, ದೇವಸ್ಥಾನದ ಉತ್ಸವ, ಭೂತಕೋಲಗಳಿಗೆ ಸ್ಯಾಕ್ಸಫೋನ್ ಬೇಕು. ಊರಿನ ಮಕ್ಕಳಿಗೆ ಅದು ಪರದೇಶದ್ದು ಅಂತ ಅನ್ನಿಸೋದೇ ಇಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ವಾದ್ಯದ ಕುಲ ನೋಡಿ ಪ್ರಯೋಜನ ಇಲ್ಲ. ಮಾಡಿದವನು ಅದಕ್ಕೆ ಆಕಾರ ಕೊಡ್ತಾನೆ, ಚರಿತ್ರೆ ಕೊಡೋದು ನುಡಿಸುವ ಕೈ.

ಇದನ್ನು ನಾನು ವೇದಿಕೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪಾಲಿಸಿದ್ದೇನಾ? ಇಲ್ಲ. ಅದನ್ನೂ ಹೇಳಿಬಿಡ್ತೇನೆ.

ಈ ಬ್ಯಾಂಜೊ ಪರೇಲಿನ ಚಾಳಿನಲ್ಲಿದ್ದ ಒಬ್ಬ ಕಾಕಾ ಅವರದು. ಬಟ್ಟೆ ಗಿರಣಿಯ ಕೆಲಸಗಾರ. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋಯಿತು, ಮತ್ತೆ ಸಿಗಲಿಲ್ಲ. ಗಣಪತಿ, ಮದುವೆ ಸೀಸನ್ನಿನಲ್ಲಿ ಬ್ಯಾಂಜೊ ನುಡಿಸಿ, ಉಳಿದ ದಿನ ಸಿಕ್ಕ ಕೆಲಸ ಮಾಡಿ ಮಕ್ಕಳನ್ನು ಸಾಕಿದರು. ನಾನು ಎಷ್ಟೋ ಪೆಂಡಾಲುಗಳಲ್ಲಿ ಅವರ ಪಕ್ಕ ನಿಂತು ಬೇಸ್ ನುಡಿಸಿದ್ದೇನೆ. ಒಂದು ಮಳೆಗಾಲ ಮನೆಯಲ್ಲಿ ಕಾಯಿಲೆ, ಖರ್ಚು. ಕಾಕಾ ಈ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಗೆ ತಂದರು. ನಾನು ಆಗಲೇ ವಿಚಿತ್ರ ವಾದ್ಯಗಳನ್ನು ಕೂಡಿಹಾಕಲು ಶುರು ಮಾಡಿದ್ದೆ. ಚೋರ್ ಬಜಾರಿನಿಂದ ತಂದ ಸ್ವರಮಂಡಲ, ಒಡೆದ ಶ್ರುತಿಪೆಟ್ಟಿಗೆ, ಹೀಗೆ. ಕೇಳಿದಷ್ಟು ಕೊಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, "ಬಾಳಾ, ಇದನ್ನು ಸುಮ್ಮನೆ ಇಡಬೇಡ" ಅಂದರು.

ಸುಮ್ಮನೇ ಇಟ್ಟೆ. ಮೊಳೆ ಹೊಡೆದು ನೇತುಹಾಕಿದೆ. ಬಂದವರಿಗೆಲ್ಲ ತೋರಿಸಿ ತೈಶೋ ಚಕ್ರವರ್ತಿ, ನಗೋಯಾ ಅಂತ ಭಾಷಣ ಮಾಡಿದೆ. ತಂತಿ ತುಕ್ಕು ಹಿಡಿಯಿತು. ಅಷ್ಟರಲ್ಲಿ ನನ್ನ ಬೇಸಿಗೂ ಅದೇ ಗತಿ ಬಂತು. ಕೀಬೋರ್ಡಿನವರು ಎಡಗೈಯಲ್ಲೇ ಬೇಸ್ ನುಡಿಸಲು ಶುರು ಮಾಡಿದರು. ಒಂದು ಸಂಜೆ ಕಾರ್ಯಕ್ರಮದ ಆಯೋಜಕರೊಬ್ಬರು, "ಒಬ್ಬರು ಕಡಿಮೆ ಆದರೆ ನಮಗೂ ಉಳೀತದೆ ಅಲ್ವಾ" ಅಂದರು. ಆ ರಾತ್ರಿ ಲೋಕಲ್ ಟ್ರೇನಿನಲ್ಲಿ ಗಿಟಾರನ್ನು ಎದೆಗೆ ಅವಚಿಕೊಂಡು ಬಂದದ್ದು ಇನ್ನೂ ನೆನಪಿದೆ. ನುಡಿಸುವ ಕೈಯನ್ನು ಕೆಲಸದಿಂದ ಬಿಡಿಸುವುದು ಅಂದರೆ ಏನು ಅಂತ ಆಗ ತಿಳಿಯಿತು. ಗೋಡೆ ಮೇಲಿನ ಪೆಟ್ಟಿಗೆಗೂ ನಾನು ಮಾಡಿದ್ದು ಅದನ್ನೇ ಅಲ್ವಾ ಅನ್ನೋದು ಮಾತ್ರ ಆಗಲೂ ಹೊಳೆಯಲಿಲ್ಲ.

ಕಳೆದ ತಿಂಗಳು ಕಾಕಾ ಅವರ ಮೊಮ್ಮಗ ಬಂದ. ಕಾಕಾ ಈಗ ಇಲ್ಲ. ಹುಡುಗ ಗೋಡೆ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಅಂಕಲ್, ಈ ಸಲ ಗಣಪತಿಗೆ ನುಡಿಸ್ತೇನೆ. ಅಜ್ಜನ ಬ್ಯಾಂಜೊ ಬಾಡಿಗೆಗೆ ಕೊಡ್ತೀರಾ?" ಅಂದ. ಬಾಡಿಗೆಗೆ! ನನ್ನ ಮೊದಲ ಯೋಚನೆ ಏನು ಬಂತು ಹೇಳಲಾ? ಇದು ಹಳೆಯದು, ಅಪರೂಪದ್ದು, ಟೆಂಪೋ ಮೇಲೆ ಮಳೆಯಲ್ಲಿ ನೆನೆದು ಹಾಳಾಗ್ತದಲ್ಲ ಅಂತ. ಯೋಚಿಸಿ ಹೇಳ್ತೇನೆ ಅಂದೆ. ಅವನು ಸುಮ್ಮನೆ ಚಹಾ ಕುಡಿದು ಹೋದ.

ಅವತ್ತು ರಾತ್ರಿ ಪೆಟ್ಟಿಗೆ ಕೆಳಗಿಳಿಸಿ ಒರೆಸಿದೆ. ಗುಂಡಿಗಳ ಮೇಲಿನ ಅಂಕಿಗಳು ಕೆಲವು ಕಡೆ ಪೂರ್ತಿ ಅಳಿಸಿಹೋಗಿವೆ, ಕೆಲವು ಕಡೆ ಹೊಸದರ ಹಾಗೆ ಇವೆ. ಕಾಕಾ ಯಾವ ಸ್ವರಗಳ ಮೇಲೆ ಹೆಚ್ಚು ಓಡಾಡ್ತಿದ್ದರು ಅನ್ನೋದು ಅದರಲ್ಲೇ ಬರೆದಿದೆ. ಇಷ್ಟು ವರ್ಷ ನಾನು ಹೇಳಿದ ಜಪಾನಿನ ಕಥೆಯಲ್ಲಿ ಆ ಸವೆದ ಗುಂಡಿಗಳ ಸುದ್ದಿಯೇ ಇರಲಿಲ್ಲ.

ತಂತಿ ಬದಲಾಯಿಸಿದ್ದೇನೆ. ಎರಡು ಗುಂಡಿಗಳ ಸ್ಪ್ರಿಂಗ್ ಹೋಗಿತ್ತು, ಸರಿ ಮಾಡಿಸಿದೆ. ನಾಳೆ ಪರೇಲಿಗೆ ಒಯ್ದು ಕೊಡ್ತೇನೆ, ಬಾಡಿಗೆಗಲ್ಲ. ಹುಡುಗನಿಗೆ ಒಂದೇ ಷರತ್ತು ಹಾಕಿದ್ದೇನೆ. ಅವರ ಪಾರ್ಟಿಯಲ್ಲಿ ಬೇಸ್ ಇಲ್ಲವಂತೆ, ಒಂದು ದಿನ ನನ್ನನ್ನೂ ಟೆಂಪೋ ಹತ್ತಿಸಿಕೊಳ್ಳಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ ಅಜ್ಜನ ಹಾರ್ಮೋನಿಯಮ್ಮೋ ಅತ್ತೆಯ ಪಿಟೀಲೋ ಇದ್ದರೆ ಒಮ್ಮೆ ಕೆಳಗಿಳಿಸಿ ನೋಡಿ. ಯಾವ ಜಾಗ ಸವೆದಿದೆ ಅಂತ ನೋಡಿ. ಆಮೇಲೆ ನುಡಿಸುವ ಕೈ ಯಾವುದಿದೆ ಅಂತ ಹುಡುಕಿ.